ಸ್ಯಾನ್ ಫ್ರಾನ್ಸಿಸ್ಕೋ ಡಾನ್ಸ್: ಅರವತ್ತು ಗೆಲುವಿಗಿಂತ ದೊಡ್ಡದು ಒಂದಿದೆ

1955ರಲ್ಲಿ ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆಯ್ತಲ್ಲ, ಆ ಟೀಮಿಗೆ ಆಡೋಕೆ ಅಂತ ಸ್ವಂತದ್ದೊಂದು ಜಿಮ್ ಕೂಡ ಇರ್ಲಿಲ್ಲ. ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ, ಎಲ್ರೂ ಯುಎಸ್‌ಎಫ್ ಅಂತಾರೆ, ಜೆಸೂಟ್ ಪಾದ್ರಿಗಳು 1855ರಲ್ಲಿ ಶುರು ಮಾಡಿದ ಚಿಕ್ಕ ಕಾಲೇಜು. ಪ್ರಾಕ್ಟೀಸ್ ಮಾಡ್ಬೇಕು ಅಂದ್ರೆ ಪಕ್ಕದ ಸೇಂಟ್ ಇಗ್ನೇಷಿಯಸ್ ಹೈಸ್ಕೂಲ್ ಜಿಮ್ಮು, ಮ್ಯಾಚ್ ಆಡ್ಬೇಕು ಅಂದ್ರೆ ಗೋಲ್ಡನ್ ಗೇಟ್ ಪಾರ್ಕ್ ಪಕ್ಕದ ಕೆಝಾರ್ ಪೆವಿಲಿಯನ್ನು, ದೊಡ್ಡ ಮ್ಯಾಚ್ ಆದ್ರೆ ಊರಾಚೆಯ ಕೌ ಪ್ಯಾಲೇಸು. ಟೀಮಿನ ಹೆಸರು ಡಾನ್ಸ್ (Dons), ಪೇಪರ್‌ನೋರು ಇವ್ರನ್ನ ಮನೆಯಿಲ್ಲದ ಡಾನ್ಸ್ ಅಂತ್ಲೇ ಕರೀತಿದ್ರು. ಅಂಥ ಟೀಮು ಎರಡು ವರ್ಷ ಸಾಲಾಗಿ ಇಡೀ ದೇಶ ಗೆದ್ದಿದೆ.

ಬೇ ಏರಿಯಾದಲ್ಲಿ ಇರೋ ನಮ್ ಕನ್ನಡದ ಜನಕ್ಕೆ ಬ್ಯಾಸ್ಕೆಟ್‌ಬಾಲ್ ಅಂದ್ರೆ ವಾರಿಯರ್ಸ್, ಸ್ಟೆಫ್ ಕರಿ, ಅಲ್ಲಿಗೆ ಮುಗೀತು. ಮಕ್ಕಳು ನೀಲಿ ಹಳದಿ ಜೆರ್ಸಿ ಹಾಕ್ಕೊಂಡು ಓಡಾಡ್ತಾರೆ, ನಂಗೂ ಅದು ಖುಷಿನೇ. ಆದ್ರೆ ಇದೇ ಊರಿನ ಗುಡ್ಡದ ಮೇಲೆ, ಫುಲ್ಟನ್ ಸ್ಟ್ರೀಟ್ ಹತ್ರ ಆ ಜೋಡಿ ಗೋಪುರದ ಚರ್ಚ್ ಇದ್ಯಲ್ಲ, ಅದರ ಮಗ್ಗುಲಲ್ಲೇ ಇಷ್ಟು ದೊಡ್ಡ ಕಥೆ ನಡೆದಿದೆ ಅಂತ ಹೇಳಿದ್ರೆ ತುಂಬಾ ಜನ ಹೌದಾ ಅಂತ ಕೇಳ್ತಾರೆ, ಅದಕ್ಕೇ ಇದನ್ನ ಕೂತು ಬರೀತಿರೋದು.

ಮೊದಲು ಒಂಚೂರು ಹಿಂದಕ್ಕೆ ಹೋಗ್ಬೇಕು. 1949ರಲ್ಲಿ ಪೀಟ್ ನ್ಯೂವೆಲ್ ಅನ್ನೋ ಕೋಚ್ ಇದ್ದಾಗ ಯುಎಸ್‌ಎಫ್ ಎನ್‌ಐಟಿ ಅನ್ನೋ ಕಾಲೇಜ್ ಟೂರ್ನಮೆಂಟ್ ಗೆಲ್ತು, ಫೈನಲ್‌ನಲ್ಲಿ ಶಿಕಾಗೋದ ಲಯೋಲಾ ಮೇಲೆ 48-47, ಬರೀ ಒಂದು ಪಾಯಿಂಟಲ್ಲಿ. ಕಾಲೇಜ್ ಆಟಗಳನ್ನ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ, ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋದು ಅದರ ಟೂರ್ನಮೆಂಟಲ್ಲಿ, ಆ ಕಾಲಕ್ಕೆ ಎನ್‌ಐಟಿಗೂ ಅಷ್ಟೇ ಮರ್ಯಾದೆ. 1950ರಲ್ಲಿ ನ್ಯೂವೆಲ್ ಮಿಶಿಗನ್ ಸ್ಟೇಟ್‌ಗೆ ಹೋದ್ರು, ಅವ್ರ ಜಾಗಕ್ಕೆ ಫಿಲ್ ವುಲ್ಪರ್ಟ್ ಬಂದ್ರು.

1951ರಲ್ಲಿ ಇದೇ ಕ್ಯಾಂಪಸ್ಸಿನ ಫುಟ್‌ಬಾಲ್ ಟೀಮಿಗೆ ಆಗಿದ್ದು ಗೊತ್ತಿಲ್ದೇ ಇದ್ರೆ ಮುಂದಿಂದು ಅರ್ಥ ಆಗಲ್ಲ. ಆ ಟೀಮು 9ಕ್ಕೆ 9 ಮ್ಯಾಚ್ ಗೆದ್ದಿತ್ತು. ಸೀಸನ್ ಮುಗಿದ ಮೇಲೆ ದಕ್ಷಿಣದ ದೊಡ್ಡ ಬೌಲ್ ಮ್ಯಾಚಿಗೆ ಕರೀಬೇಕು, ಆದ್ರೆ ಒಂದು ಕಂಡೀಷನ್ನು, ನಿಮ್ಮ ಇಬ್ಬರು ಕಪ್ಪು ಆಟಗಾರರನ್ನ, ಆಲಿ ಮ್ಯಾಟ್ಸನ್ ಮತ್ತೆ ಬರ್ಲ್ ಟೋಲರ್‌ನ, ಮನೇಲೇ ಬಿಟ್ಟು ಬನ್ನಿ ಅಂತ. ಹುಡುಗರು ಆಗಲ್ಲ ಅಂದ್ರು. ಬೌಲ್‌ಗೆ ಹೋಗಿದ್ರೆ ದುಡ್ಡು ಬರ್ತಿತ್ತು, ಆ ದುಡ್ಡಿಲ್ದೇ ಫುಟ್‌ಬಾಲ್ ನಡೆಸೋ ಶಕ್ತಿ ಕಾಲೇಜಿಗೆ ಇರ್ಲಿಲ್ಲ, ಆ ಸೀಸನ್ ಆದ್ಮೇಲೆ ಫುಟ್‌ಬಾಲ್ ಪ್ರೋಗ್ರಾಮೇ ನಿಂತೋಯ್ತು. ಅದೇ ವರ್ಷ ಕ್ಯಾಂಪಸ್ಸಿಗೆ ಬ್ಯಾಸ್ಕೆಟ್‌ಬಾಲ್ ಆಡೋಕೆ ಅಂತ ಒಬ್ಬ ಕಪ್ಪು ಹುಡುಗ ಬಂದಿದ್ದ, ಟೆಕ್ಸಸ್‌ನ ಟೇಲರ್ ಅನ್ನೋ ಊರಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೋದ ಕಾಮರ್ಸ್ ಹೈಸ್ಕೂಲಲ್ಲಿ ಓದಿದವನು, ಹೆಸರು ಕೆ.ಸಿ. ಜೋನ್ಸ್. ಮಾತೇ ಆಡದ ಹುಡುಗ ಅಂತ ಅವನ ಜೊತೆ ಇದ್ದೋರೆಲ್ಲ ಹೇಳ್ತಾರೆ.

ಮುಂದಿನ ವರ್ಷ ಬಿಲ್ ರಸೆಲ್ ಬಂದ. ಲೂಸಿಯಾನಾದ ಮನ್ರೋದಲ್ಲಿ 1934ರಲ್ಲಿ ಹುಟ್ಟಿದ್ದು, ಮನೆಯೋರು ಅಲ್ಲಿಯ ವರ್ಣಭೇದ ತಾಳಲಾರದೆ ಓಕ್ಲೆಂಡಿಗೆ ಬಂದ್ರು, ಅಲ್ಲಿ ಮೆಕ್ಲಿಮಂಡ್ಸ್ ಹೈಸ್ಕೂಲಲ್ಲಿ ಟೀಮಿಗೆ ಸೇರಿದ್ದೇ ಕಷ್ಟಪಟ್ಟು. ಉದ್ದ ಇದ್ದ, ಹಾರ್ತಿದ್ದ, ಆದ್ರೆ ಬಾಲ್ ಬಾಸ್ಕೆಟ್ಟಿಗೆ ಹಾಕೋದು ಅಷ್ಟಕ್ಕಷ್ಟೇ. ಯುಎಸ್‌ಎಫ್‌ನ ಹಳೇ ಆಟಗಾರ ಹಾಲ್ ಡಿಜೂಲಿಯೋ ಒಂದು ಮ್ಯಾಚಲ್ಲಿ ಇವನನ್ನ ನೋಡಿ ಕಾಲೇಜಿಗೆ ಹೇಳಿದ್ರು, ಸ್ಕಾಲರ್‌ಶಿಪ್ ಸಿಕ್ತು. ಬೇರೆ ಒಂದೇ ಒಂದು ಕಾಲೇಜೂ ಅವನನ್ನ ಕೇಳಿರ್ಲಿಲ್ಲ! ಮುಂದೆ 13 ಸೀಸನ್‌ನಲ್ಲಿ ಪ್ರೊಫೆಷನಲ್ ಲೀಗ್ ಆದ ಎನ್‌ಬಿಎಯಲ್ಲಿ 11 ಟೈಟಲ್ ಗೆಲ್ಲೋ ಮನುಷ್ಯನಿಗೆ ಹದಿನೆಂಟನೇ ವಯಸ್ಸಲ್ಲಿ ತೆರೆದಿದ್ದು ಒಂದೇ ಬಾಗಿಲು, ಅದೂ ಜಿಮ್ ಇಲ್ಲದ ಕಾಲೇಜಿಂದು.

ರಸೆಲ್ಲು ಕೆ.ಸಿ.ನು ಒಂದೇ ರೂಮಲ್ಲಿದ್ರು. ಶುರುವಲ್ಲಿ ಕೆ.ಸಿ. ಬಾಯೇ ಬಿಡ್ತಿರ್ಲಿಲ್ವಂತೆ, ಆಮೇಲೆ ಬಿಟ್ಟಾಗ ಬರೀ ಬ್ಯಾಸ್ಕೆಟ್‌ಬಾಲ್ ಮಾತೇ. ಎದುರಾಳಿ ಇಲ್ಲಿಂದ ಶಾಟ್ ಹೊಡೆದ್ರೆ ಬಾಲು ಯಾವ ಕಡೆಗೆ ಪುಟಿಯುತ್ತೆ, ಅವನನ್ನ ಯಾವ ಕಡೆಗೆ ತಳ್ಳಿದ್ರೆ ಅವನಿಗೆ ಬೇಡದ ಜಾಗದಿಂದ ಶಾಟ್ ಹೊಡೀಬೇಕಾಗುತ್ತೆ, ಹೀಗೆ ರೇಖಾಗಣಿತ ಬಿಡಿಸಿದ ಹಾಗೆ ರಾತ್ರಿಯೆಲ್ಲ ಕೂತು ಆಟ ಬಿಡಿಸ್ತಿದ್ರು. ಆ ಕಾಲದ ಕೋಚ್‌ಗಳೆಲ್ಲ ಒಳ್ಳೇ ಡಿಫೆಂಡರ್ ಆದವನು ಕಾಲು ನೆಲ ಬಿಡಬಾರದು ಅಂತ ಹೇಳಿಕೊಡ್ತಿದ್ರು. ರಸೆಲ್ ಹಾರಿ ಶಾಟ್ ತಡೆಯೋನು, ತಡೆದಿದ್ದನ್ನ ಸುಮ್ನೆ ಹೊರಗೆ ಬಡಿಯದೆ ತನ್ನ ಟೀಮಿನೋರ ಕೈಗೇ ಹೋಗೋ ಹಾಗೆ ತಟ್ಟೋನು. ವುಲ್ಪರ್ಟ್‌ಗೂ ಮೊದಮೊದಲು ಈ ಹಾರಾಟ ಇಷ್ಟ ಇರ್ಲಿಲ್ಲ, ಆದ್ರೆ ಕಣ್ಣೆದುರಿಗೆ ಕೆಲಸ ಮಾಡ್ತಿರೋದನ್ನ ಬೇಡ ಅನ್ನೋ ಮೊಂಡ ಮನುಷ್ಯ ಅವರಲ್ಲ. ಈಗ ನಾವು ಟಿವಿಯಲ್ಲಿ ನೋಡೋ ಡಿಫೆನ್ಸ್ ಇದ್ಯಲ್ಲ, ಅದರ ಬೇರು ಆ ಹಾಸ್ಟೆಲ್ ರೂಮಲ್ಲಿದೆ ಅಂತ ನಾನಂತೂ ನಂಬ್ತೀನಿ.

1953-54ರಲ್ಲಿ ಕೆ.ಸಿ. ಒಂದು ಮ್ಯಾಚ್ ಆಡಿ ಅಪೆಂಡಿಕ್ಸ್ ಒಡೆದು ಆಸ್ಪತ್ರೆ ಸೇರಿದ, ಸೀಸನ್ ಪೂರ್ತಿ ಹೋಯ್ತು. ಮುಂದಿನ ಸೀಸನ್ನಿಗೆ ಅವನು ವಾಪಸ್ ಬಂದಾಗ ಟೀಮು ಬೇರೆಯೇ ಆಗೋಯ್ತು. ಡಿಸೆಂಬರ್ 1954ರಲ್ಲಿ ಲಾಸ್ ಏಂಜಲೀಸಲ್ಲಿ ಯುಸಿಎಲ್‌ಎ ಎದುರು 47-40ರಲ್ಲಿ ಸೋತ್ರು. ಇನ್ನು ಇವ್ರು ಮತ್ತೆ ಸೋಲೋದು ಎರಡು ವರ್ಷ ಆದ್ಮೇಲೆ.

ಆ ಸೀಸನ್‌ನಲ್ಲಿ ವುಲ್ಪರ್ಟ್ ಮೂರು ಜನ ಕಪ್ಪು ಆಟಗಾರರನ್ನ ಒಟ್ಟಿಗೆ ಸ್ಟಾರ್ಟಿಂಗ್ ಫೈವ್‌ನಲ್ಲಿ ಇಳಿಸಿದ್ರು, ರಸೆಲ್, ಕೆ.ಸಿ., ಜೊತೆಗೆ ಯುಕಾಯಾ ಊರಿನ ಹಾಲ್ ಪೆರ್ರಿ. ಇವತ್ತು ಇದನ್ನ ಓದಿದ್ರೆ ಏನು ಮಹಾ ಅನ್ಸುತ್ತೆ. ಆವತ್ತು ದೊಡ್ಡ ಕಾಲೇಜುಗಳಲ್ಲಿ ಯಾರೂ ಇದನ್ನ ಮಾಡಿರ್ಲಿಲ್ಲ. ಕಪ್ಪು ಆಟಗಾರರು ಇಷ್ಟೇ ಜನ ಇರ್ಬೇಕು ಅಂತ ಬರೀದೇ ಇದ್ದ ಒಂದು ಲೆಕ್ಕ ಎಲ್ಲಾ ಕೋಚ್‌ಗಳ ತಲೆಯಲ್ಲೂ ಇತ್ತು, ವುಲ್ಪರ್ಟ್ ಆ ಲೆಕ್ಕ ಇಟ್ಕೊಳ್ಳಲಿಲ್ಲ, ಅದಕ್ಕೆ ಅವ್ರಿಗೆ ಬೈಗುಳದ ಕಾಗದಗಳು ಬರ್ತಿದ್ವು, ಬೇರೆ ಕೋಚ್‌ಗಳು ಕೊಂಕು ಮಾತಾಡ್ತಿದ್ರು.

ಅದೇ ಡಿಸೆಂಬರಲ್ಲಿ ಒಕ್ಲಹೋಮಾ ಸಿಟಿಗೆ ಟೂರ್ನಮೆಂಟ್ ಆಡೋಕೆ ಹೋದ್ರು. ಊರೊಳಗಿನ ಹೋಟೆಲ್‌ಗಳು ಕಪ್ಪು ಆಟಗಾರರಿಗೆ ರೂಮ್ ಕೊಡಲ್ಲ ಅಂದ್ವು. ಹಾಗಾದ್ರೆ ನಾವ್ಯಾರೂ ಇಲ್ಲಿ ಉಳಿಯಲ್ಲ ಅಂತ ಬಿಳಿಯರು ಕರಿಯರು ಎಲ್ಲರೂ ರಜೆಗೆ ಖಾಲಿ ಬಿದ್ದಿದ್ದ ಒಂದು ಕಾಲೇಜ್ ಹಾಸ್ಟೆಲಲ್ಲಿ ಮಲಗಿದ್ರು. ಪ್ರಾಕ್ಟೀಸ್ ಮಾಡ್ತಿದ್ದಾಗ ನೋಡೋಕೆ ಬಂದ ಜನ ಇವರ ಮೇಲೆ ಚಿಲ್ಲರೆ ಕಾಸು ಎಸೆದ್ರು. ರಸೆಲ್ ಬಗ್ಗಿ ಆ ಕಾಸನ್ನೆಲ್ಲ ಆರಿಸಿ ಕೋಚ್ ಕೈಗೆ ಕೊಟ್ಟ, ಇಟ್ಕೊಂಡಿರಿ ಅಂತ. ಆಮೇಲೆ ಆ ಟೂರ್ನಮೆಂಟನ್ನ ಗೆದ್ದು ಬಂದ್ರು. ನಾನು ಇದನ್ನ ಎಷ್ಟು ಸಲ ಓದಿದ್ರೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ, ಅವನಿಗಾಗ ಬರೀ ಇಪ್ಪತ್ತು ವರ್ಷ.

1955ರ ಎನ್‌ಸಿಎಎ ಟೂರ್ನಮೆಂಟ್‌ನಲ್ಲಿ ಇವರು ಮನೆಗೆ ಹೋಗೋದು ಸ್ವಲ್ಪದರಲ್ಲೇ ತಪ್ಪಿದ್ದು ಒರೆಗಾನ್ ಸ್ಟೇಟ್ ಎದುರಿಗೆ. ಕೊರ್ವಾಲಿಸ್‌ನಲ್ಲಿ, ಅಂದ್ರೆ ಎದುರಾಳಿಯ ಅಂಗಳದಲ್ಲೇ ಮ್ಯಾಚು, ಆ ಕಡೆ ಏಳಡಿ ಮೂರಿಂಚಿನ ಸ್ವೀಡ್ ಹಾಲ್‌ಬ್ರೂಕ್. 57-56. ಒಂದು ಶಾಟ್ ಆಚೀಚೆ ಆಗಿದ್ರೆ ಈ ಬರಹನೇ ಇರ್ತಿರ್ಲಿಲ್ಲ. ಆಮೇಲೆ ಕಾನ್ಸಸ್ ಸಿಟಿಯಲ್ಲಿ ಸೆಮಿಫೈನಲ್, ಕೊಲೊರಾಡೋ ಮೇಲೆ 62-50.

ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಲಾ ಸಾಲ್. ಅವರ ಟಾಮ್ ಗೋಲಾ ಆಗ ದೇಶದ ಅತಿ ದೊಡ್ಡ ಹೆಸರು, ಆರಡಿ ಆರಿಂಚು. ರಸೆಲ್ ಗೋಲಾನ ಹಿಡೀತಾನೆ ಅಂತ ಎಲ್ಲರ ಲೆಕ್ಕ. ವುಲ್ಪರ್ಟ್ ಆರಡಿ ಒಂದಿಂಚಿನ ಕೆ.ಸಿ.ನ ಗೋಲಾ ಮೇಲೆ ಬಿಟ್ಟು ರಸೆಲ್‌ನ ಬಾಸ್ಕೆಟ್ ಕೆಳಗೇ ಇಟ್ಟುಕೊಂಡ್ರು. ಗೋಲಾ 16ಕ್ಕೆ ನಿಂತ, ಕೆ.ಸಿ. 24 ಹೊಡೆದ, ರಸೆಲ್ 23 ಪಾಯಿಂಟ್ 25 ರಿಬೌಂಡ್, ಅಂದ್ರೆ ಗುರಿ ತಪ್ಪಿ ಪುಟಿದ ಬಾಲನ್ನ 25 ಸಲ ಹಿಡಿದ. 77-63. ಕೆ.ಸಿ. ಜೋನ್ಸ್ ಬಗ್ಗೆ ಯಾರಾದ್ರೂ ರಸೆಲ್‌ನ ಗೆಳೆಯ ಅಂತ ಮಾತ್ರ ಹೇಳಿದ್ರೆ ನಾನು ಈ ಮ್ಯಾಚನ್ನ ತೋರಿಸ್ತೀನಿ.

ಇಷ್ಟೆಲ್ಲ ಆಗಿ, ಆ ವರ್ಷ ಉತ್ತರ ಕ್ಯಾಲಿಫೋರ್ನಿಯಾದ ಬೆಸ್ಟ್ ಪ್ಲೇಯರ್ ಅಂತ ಸ್ಯಾಂಟಾ ಕ್ಲಾರಾದ ಕೆನ್ನಿ ಸಿಯರ್ಸ್‌ನ ಆರಿಸಿದ್ರು. ಇಡೀ ದೇಶ ಗೆದ್ದವನು ತನ್ನ ಜಿಲ್ಲೆಯಲ್ಲೇ ಎರಡನೆಯವನು! ಬೇರೆಯವರು ಕೊಡೋ ಪ್ರಶಸ್ತಿಗೆ ಇನ್ಮೇಲೆ ತಲೆ ಕೆಡಿಸ್ಕೊಳ್ಳಲ್ಲ, ಮ್ಯಾಚ್ ಗೆದ್ರೆ ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ ಅಂತ ಅವತ್ತು ತೀರ್ಮಾನ ಮಾಡಿದ್ದಾಗಿ ರಸೆಲ್ ಮುಂದೆ ತುಂಬಾ ಸಲ ಹೇಳಿಕೊಂಡಿದ್ದಾರೆ.

1955-56ರಲ್ಲಿ ಸೋಲೇ ಇಲ್ಲ, 29ಕ್ಕೆ 29. ಒಂದೂ ಸೋಲದೆ ಎನ್‌ಸಿಎಎ ಗೆದ್ದ ಮೊದಲನೇ ಟೀಮ್ ಇದು. ಜನವರಿ 1956ರಲ್ಲಿ ಬರ್ಕ್ಲಿಯ ಕ್ಯಾಲ್ ಎದುರು ಒಂದು ಮ್ಯಾಚ್ ಆಯ್ತು, ಗೆದ್ರೆ ಸತತ 40ನೇ ಗೆಲುವು, ಹೊಸ ರೆಕಾರ್ಡ್. ಆ ಕಡೆ ಕೋಚ್ ಯಾರು ಅಂದ್ರೆ ಪೀಟ್ ನ್ಯೂವೆಲ್, ಇವರ ಹಳೇ ಕೋಚೇ. ಆಗ ಶಾಟ್ ಕ್ಲಾಕ್ ಅನ್ನೋದು, ಅಂದ್ರೆ ಇಂತಿಷ್ಟು ಸೆಕೆಂಡಲ್ಲಿ ಶಾಟ್ ಹೊಡೀಲೇಬೇಕು ಅನ್ನೋ ರೂಲು, ಕಾಲೇಜ್ ಆಟದಲ್ಲಿ ಇರ್ಲಿಲ್ಲ, ಹಾಗಾಗಿ ನ್ಯೂವೆಲ್ ತಮ್ಮ ಸೆಂಟರ್ ಜೋ ಹ್ಯಾಗ್ಲರ್ ಕೈಗೆ ಬಾಲ್ ಕೊಟ್ಟು ಸುಮ್ನೆ ನಿಂತ್ಕೋ ಅಂದ್ರು. ಅವನು ಸುಮಾರು ಎಂಟು ನಿಮಿಷ ಬಾಲ್ ಹಿಡ್ಕೊಂಡು ನಿಂತೇ ಇದ್ದ, ರಸೆಲ್ ದೂರದಲ್ಲಿ ನಿಂತು ನೋಡ್ತಾ ಇದ್ದ, ಜನ ಕೂಗ್ತಾ ಇದ್ರು. ಕಡೆಗೆ 33-24, ಯುಎಸ್‌ಎಫ್ ಗೆಲುವು. ಈ ಟೀಮನ್ನ ಸೋಲಿಸೋಕೆ ನ್ಯೂವೆಲ್‌ನಂಥ ಬುದ್ಧಿವಂತನಿಗೂ ಆಟ ಆಡದೇ ಇರೋದು ಬಿಟ್ಟು ಬೇರೆ ದಾರಿ ಹೊಳೀಲಿಲ್ಲ ಅಂದ್ರೆ ನೀವೇ ಯೋಚ್ನೆ ಮಾಡಿ.

ಕೆ.ಸಿ.ಗೆ ಅಪೆಂಡಿಕ್ಸಿಂದ ಹೋದ ವರ್ಷಕ್ಕೆ ಬದಲಾಗಿ ಈ ಸೀಸನ್ ಸಿಕ್ಕಿತ್ತು, ಆದ್ರೆ ಎನ್‌ಸಿಎಎ ಟೂರ್ನಮೆಂಟ್ ಆಡಂಗಿಲ್ಲ ಅಂತ ರೂಲು. ಅವನ ಜಾಗಕ್ಕೆ ಜೀನ್ ಬ್ರೌನ್ ಬಂದ, ಏನೂ ಕೊರತೆ ಆಗ್ಲಿಲ್ಲ. ಇವಾನ್‌ಸ್ಟನ್‌ನಲ್ಲಿ ಫೈನಲ್, ಅಯೋವಾ ಶುರುವಲ್ಲಿ ಚೆನ್ನಾಗೇ ಮುಂದಿತ್ತು, ಕಡೆಗೆ 83-71. ರಸೆಲ್ 26 ಪಾಯಿಂಟ್, 27 ರಿಬೌಂಡ್. ಇಂಥ ಉದ್ದದ ಆಟಗಾರರು ಬಾಸ್ಕೆಟ್ ಕೆಳಗೆ ಬೇರು ಬಿಡದ ಹಾಗೆ ಕಾಲೇಜ್ ಆಟದಲ್ಲಿ ಲೇನ್, ಅಂದ್ರೆ ಬಾಸ್ಕೆಟ್ ಮುಂದೆ ಗೆರೆ ಎಳೆದು ಗುರುತು ಮಾಡಿದ ಜಾಗ, ಅದರ ಅಗಲವನ್ನ 6 ಅಡಿಯಿಂದ 12 ಅಡಿಗೆ ಏರಿಸಿದ್ದೂ ಈ ಕಾಲದಲ್ಲೇ, ಈಗಲೂ ಅದಕ್ಕೆ ರಸೆಲ್ ರೂಲ್ ಅಂತಾರೆ. ಅದೇ ವರ್ಷ ಕೊನೆಗೆ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಸೆಲ್, ಕೆ.ಸಿ. ಇಬ್ಬರೂ ಚಿನ್ನ ಗೆದ್ರು, ಆಮೇಲೆ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ಟೀಮು, ಆ ಕಥೆ ಎಲ್ಲರಿಗೂ ಗೊತ್ತಿರೋದೇ.

ಇಬ್ಬರೂ ಹೋದ ಮೇಲೂ ಯುಎಸ್‌ಎಫ್ ಗೆಲ್ತಾನೇ ಇತ್ತು. ಸತತ 60 ಆದ ಮೇಲೆ, 1956ರ ಡಿಸೆಂಬರ್ 17ಕ್ಕೆ ಇಲಿನಾಯ್ ಇವರನ್ನ 62-33ರಲ್ಲಿ ಸೋಲಿಸ್ತು. ಆ 60ರ ರೆಕಾರ್ಡ್ ಮುರಿಯೋಕೆ 1973ರ ತನಕ ಕಾಯಬೇಕಾಯ್ತು, ಮುರಿದಿದ್ದು ಯುಸಿಎಲ್‌ಎ. 1957ರಲ್ಲೂ ಸೆಮಿಫೈನಲ್ ತನಕ ಹೋಗಿದ್ರು, ಅಲ್ಲಿ ವಿಲ್ಟ್ ಚೇಂಬರ್ಲೇನ್ ಇದ್ದ ಕಾನ್ಸಸ್ ಕೈಲಿ 80-56. ಸ್ವಂತ ಜಿಮ್ಮು, ವಾರ್ ಮೆಮೋರಿಯಲ್ ಜಿಮ್ನೇಷಿಯಂ, ಎದ್ದಿದ್ದು 1958ರಲ್ಲಿ, ರಸೆಲ್ ಹೋಗಿ ಎರಡು ವರ್ಷ ಆದ್ಮೇಲೆ. ವುಲ್ಪರ್ಟ್ 1959ರಲ್ಲಿ ಬಿಟ್ಟರು. ಮುಂದೆ ಸ್ಯಾನ್ ಡಿಯಾಗೋ ಯೂನಿವರ್ಸಿಟಿಯಲ್ಲಿ ಕೋಚ್ ಆಗಿದ್ರು, ಅದನ್ನೂ ಬಿಟ್ಟ ಮೇಲೆ ವಾಷಿಂಗ್ಟನ್ ರಾಜ್ಯದ ಸೆಕ್ವಿಮ್ ಅನ್ನೋ ಸಣ್ಣ ಊರಲ್ಲಿ ಸ್ಕೂಲ್ ಬಸ್ ಓಡಿಸ್ಕೊಂಡಿದ್ರು. ಎರಡು ಸಲ ದೇಶದ ಚಾಂಪಿಯನ್ ಆದ ಕೋಚ್! 1987ರಲ್ಲಿ ತೀರಿಕೊಂಡ್ರು, ಹಾಲ್ ಆಫ್ ಫೇಮ್ ಗೌರವ ಬಂದಿದ್ದು 1992ರಲ್ಲಿ. ಬದುಕಿದ್ದಾಗ ಕೊಡಬೇಕಿತ್ತು ಅನ್ನೋದು ನನ್ನ ನೋವು.

ಅರವತ್ತರ ದಶಕ ಬೇಗ ಹೇಳಿಬಿಡ್ತೀನಿ, ಟೀಮ್ ಚೆನ್ನಾಗಿತ್ತು, 1964, 1965 ಎರಡೂ ವರ್ಷ ದಾರಿಗೆ ಅಡ್ಡ ನಿಂತಿದ್ದು ಅದೇ ಯುಸಿಎಲ್‌ಎ. ಎಪ್ಪತ್ತರ ದಶಕದಲ್ಲಿ ಕೋಚ್ ಬಾಬ್ ಗೈಲಾರ್ಡ್, ಅವ್ರ ಹುಡುಗರು ಬಿಲ್ ಕಾರ್ಟ್‌ರೈಟ್, ವಿನ್‌ಫರ್ಡ್ ಬಾಯ್ನ್ಸ್, ಜೇಮ್ಸ್ ಹಾರ್ಡಿ. 1976-77ರಲ್ಲಿ 29 ಮ್ಯಾಚ್ ಗೆದ್ದು ದೇಶದಲ್ಲೇ ನಂಬರ್ ಒನ್ ಆಗಿ ನೋಟ್ರ್ ಡೇಮ್‌ಗೆ ಹೋದ್ರು, ಅಲ್ಲಿ 93-82ರಲ್ಲಿ ಸೋತ್ರು, ಗದ್ದಲ ಹೆಂಗಿತ್ತು ಅಂದ್ರೆ ಟಿವಿಯೋರು ಮ್ಯಾಚಿನ ಬೆಸ್ಟ್ ಪ್ಲೇಯರ್ ಅಂತ ನೋಟ್ರ್ ಡೇಮ್ ಸ್ಟೂಡೆಂಟ್‌ಗಳಿಗೇ ಕೊಟ್ಟರು. ಅದಾದ ಮೇಲೆ ಎನ್‌ಸಿಎಎ ಮೊದಲ ಮ್ಯಾಚಲ್ಲೇ ಯುಎನ್‌ಎಲ್‌ವಿ ಕೈಲಿ 121-95. ಕಾರ್ಟ್‌ರೈಟ್ ಮುಂದೆ ಶಿಕಾಗೋ ಬುಲ್ಸ್‌ನಲ್ಲಿ ಜೋರ್ಡನ್ ಜೊತೆ ಮೂರು ಟೈಟಲ್ ಗೆದ್ದರು.

ಆದ್ರೆ ಈ ಹೊತ್ತಿಗೆ ಒಳಗೆ ಕೊಳೀತಾ ಇತ್ತು. ದುಡ್ಡಿರೋ ಅಭಿಮಾನಿಗಳು, ಅಮೆರಿಕದೋರು ಬೂಸ್ಟರ್ ಅಂತಾರೆ, ಅವರು ಆಟಗಾರರಿಗೆ ರೂಲ್ಸ್ ಮೀರಿ ಸಹಾಯ ಮಾಡ್ತಿದ್ರು, ಎನ್‌ಸಿಎಎ ಕೆಲವೇ ವರ್ಷದಲ್ಲಿ ಎರಡು ಸಲ ಶಿಕ್ಷೆ ಕೊಟ್ಟಿತ್ತು. ಕಾಲೇಜಿನ ಪ್ರೆಸಿಡೆಂಟ್ ಫಾದರ್ ಜಾನ್ ಲೋ ಸ್ಕಿಯಾವೋ ಇನ್ನೊಂದು ಸಲ ಆದ್ರೆ ಸುಮ್ಮನಿರಲ್ಲ ಅಂತ ಎಚ್ಚರಿಕೆ ಕೊಟ್ಟಿದ್ರು. 1981-82ರಲ್ಲಿ ಟೀಮಿನ ಸ್ಟಾರ್ ಕ್ವಿಂಟಿನ್ ಡೇಲಿ, ಮ್ಯಾಚಿಗೆ 25 ಪಾಯಿಂಟಿನ ಮೇಲೆ ಹೊಡೀತಿದ್ದವನು, ಕ್ಯಾಂಪಸ್ ಹಾಸ್ಟೆಲಲ್ಲಿ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಮೇಲೆ ದೌರ್ಜನ್ಯ ಮಾಡಿದ ಕೇಸಲ್ಲಿ ಸಿಕ್ಕಿಬಿದ್ದ. ಕಡಿಮೆ ಆರೋಪಕ್ಕೆ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ತಗೊಂಡ, ಜೈಲಿಲ್ಲ. ಅದೇ ವರ್ಷ ಡ್ರಾಫ್ಟ್‌ನಲ್ಲಿ, ಅಂದ್ರೆ ಎನ್‌ಬಿಎ ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋವಾಗ, ಬುಲ್ಸ್ ಅವನನ್ನ ಏಳನೆಯವನಾಗಿ ಆರಿಸ್ತು, ಪ್ರೆಸ್ ಮುಂದೆ ಅವನು ಪಶ್ಚಾತ್ತಾಪದ ಮಾತೇ ಆಡ್ಲಿಲ್ಲ, ಹೆಣ್ಣುಮಕ್ಕಳ ಸಂಘಟನೆಗಳು ಬೀದಿಗಿಳಿದ್ವು. ಕೇಸಿನ ವಿಚಾರಣೆ ನಡೀತಿದ್ದಾಗಲೇ ಇನ್ನೊಂದು ವಿಷಯ ಹೊರಬಿತ್ತು, ಒಬ್ಬ ಬೂಸ್ಟರ್ ಇವನಿಗೆ ಮಾಡದೇ ಇರೋ ಕೆಲಸಕ್ಕೆ ತಿಂಗಳಿಗೆ 1000 ಡಾಲರ್ ಸಂಬಳ ಕೊಡ್ತಿದ್ದ ಅಂತ.

ಫಾದರ್ ಲೋ ಸ್ಕಿಯಾವೋ 1982ರ ಜುಲೈ 29ಕ್ಕೆ ಪುರುಷರ ಬ್ಯಾಸ್ಕೆಟ್‌ಬಾಲ್ ಪ್ರೋಗ್ರಾಮನ್ನೇ ಮುಚ್ಚಿಬಿಟ್ಟರು. ಎನ್‌ಸಿಎಎ ಹೇಳಿ ಅಲ್ಲ, ಕೋರ್ಟ್ ಹೇಳಿ ಅಲ್ಲ, ತಾವಾಗೇ. ರಸೆಲ್ ಆಡಿದ ಟೀಮು, ಎರಡು ಎನ್‌ಸಿಎಎ ಟೈಟಲ್ ಇರೋ ಟೀಮು, ಹಿಂದಿನ ಸೀಸನ್ನಲ್ಲೂ 25 ಮ್ಯಾಚ್ ಗೆದ್ದಿದ್ದ ಟೀಮು, ಇಲ್ಲ ಅಂದ್ರೆ ಇಲ್ಲ.

ನನ್ನ ಪ್ರಕಾರ ಈ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಅತಿ ದೊಡ್ಡ ದಿನ ಅದೇ. ಅರವತ್ತು ಸಲ ಗೆಲ್ಲೋದು ಪ್ರತಿಭೆ ಇದ್ರೆ ಆಗುತ್ತೆ, ರಸೆಲ್ ಅಂಥವನು ಒಬ್ಬ ಸಿಕ್ಕರೆ ಆಗುತ್ತೆ. ಆದ್ರೆ ದುಡ್ಡು, ಹೆಸರು, ಹಳೇ ವಿದ್ಯಾರ್ಥಿಗಳ ಸಿಟ್ಟು ಎಲ್ಲಾ ಗೊತ್ತಿದ್ದೂ ಇದನ್ನ ಹೀಗೆ ನಡೆಸೋದಾದ್ರೆ ಬೇಡ ಅನ್ನೋಕೆ ಬೇರೆ ಏನೋ ಬೇಕು, ಮತ್ತೆ ಅದು 1951ರಲ್ಲಿ ಫುಟ್‌ಬಾಲ್ ಹುಡುಗರಲ್ಲೂ ಇತ್ತು, ಒಕ್ಲಹೋಮಾದ ಹಾಸ್ಟೆಲಲ್ಲಿ ಮಲಗಿದ ಬಿಳಿ ಹುಡುಗರಲ್ಲೂ ಇತ್ತು. ಹಾಗಂತ ಕಾಲೇಜಿಗೆ ಪೂರ್ತಿ ಹಾರ ಹಾಕೋಕೂ ನಂಗೆ ಮನಸ್ಸಿಲ್ಲ. ಎರಡು ಸಲ ಶಿಕ್ಷೆ ಆದಾಗಲೇ ಎಚ್ಚೆತ್ತುಕೊಳ್ಳಬೇಕಿತ್ತು, ಆ ಹುಡುಗಿಗೆ ಆದ ನೋವನ್ನ ಯಾವ ನಿರ್ಧಾರನೂ ವಾಪಸ್ ತಗೊಳ್ಳಲ್ಲ, ಈ ಕಥೆ ಹೇಳೋರೆಲ್ಲ ಪ್ರೋಗ್ರಾಮ್ ಹೋಯ್ತು ಅಂತ ಮರುಗ್ತಾರೆ, ಅವಳನ್ನ ಅರ್ಧ ಸಾಲಲ್ಲಿ ದಾಟಿಸಿಬಿಡ್ತಾರೆ, ಅದು ನಂಗೆ ಯಾವತ್ತೂ ಸರಿ ಅನ್ಸಿಲ್ಲ. ಏನೂ ತಪ್ಪು ಮಾಡದ ಉಳಿದ ಆಟಗಾರರಿಗೂ ಏಕಾಏಕಿ ಟೀಮೇ ಇಲ್ಲದ ಹಾಗಾಯ್ತು, ಅದೂ ನಿಜ.

ಮೂರು ಸೀಸನ್ ಆಟ ಇರ್ಲಿಲ್ಲ. 1985-86ರಲ್ಲಿ ಮತ್ತೆ ಶುರು ಮಾಡಿದ್ರು, ಕೋಚ್ ಆಗಿ ಬಂದಿದ್ದು ಜಿಮ್ ಬ್ರೊವೆಲ್ಲಿ, ಅರವತ್ತರ ದಶಕದಲ್ಲಿ ಯುಎಸ್‌ಎಫ್‌ಗೇ ಆಡಿದ್ದವರು, ವುಲ್ಪರ್ಟ್ ಇದ್ದ ಅದೇ ಸ್ಯಾನ್ ಡಿಯಾಗೋ ಕಾಲೇಜಿಂದ ಬಂದ್ರು. ಹಳೇ ಎತ್ತರಕ್ಕೆ ಟೀಮ್ ಇವತ್ತಿನ ತನಕ ಏರಿಲ್ಲ. 1998ರಲ್ಲಿ ಫಿಲ್ ಮ್ಯಾಥ್ಯೂಸ್ ಕೋಚ್ ಆಗಿದ್ದಾಗ ಒಂದು ಸಲ ಎನ್‌ಸಿಎಎಗೆ ಹೋದ್ರು, ಮೊದಲ ಮ್ಯಾಚಲ್ಲೇ ಯೂಟಾ ಸಿಕ್ತು, ಆ ಯೂಟಾ ಫೈನಲ್ ತನಕ ಹೋಯ್ತು. ಆಮೇಲೆ 24 ವರ್ಷ ಖಾಲಿ. 2022ರಲ್ಲಿ ಟಾಡ್ ಗೋಲ್ಡನ್ ಟೀಮು ಮತ್ತೆ ಒಳಗೆ ಬಂತು, ಮರ್ರೇ ಸ್ಟೇಟ್ ಜೊತೆ ಓವರ್‌ಟೈಮ್ ತನಕ ಎಳೆದು 92-87ರಲ್ಲಿ ಸೋತ್ರು. ಜಮಾರಿ ಬೂಯೇ ಆವತ್ತು 36 ಪಾಯಿಂಟ್ ಹೊಡೆದ, ಇಷ್ಟು ವರ್ಷದ ಹಸಿವನ್ನೆಲ್ಲ ಒಬ್ಬನೇ ತೀರಿಸೋ ಹಾಗೆ ಆಡಿದ. ನಾನು ಟಿವಿ ಮುಂದೆ ನಿಂತೇ ನೋಡಿದ್ದು ಕೊನೆಯ ಭಾಗ ಪೂರ್ತಿ. ಗೋಲ್ಡನ್ ಅದಾದ ತಕ್ಷಣ ಫ್ಲೋರಿಡಾಗೆ ಹೋದ್ರು, ಅಲ್ಲಿ 2025ರಲ್ಲಿ ಚಾಂಪಿಯನ್ ಆದ್ರು. ಚಿಕ್ಕ ಕಾಲೇಜಿನ ಪಾಡು ಇದೇ, ಒಳ್ಳೇ ಕೋಚ್‌ನ ದೊಡ್ಡ ಕಾಲೇಜು ಎತ್ಕೊಂಡು ಹೋಗುತ್ತೆ, ನ್ಯೂವೆಲ್ ಕಾಲದಿಂದ್ಲೂ ಹಂಗೇ.

ಕೆ.ಸಿ. ಜೋನ್ಸ್ 2020ರ ಕ್ರಿಸ್‌ಮಸ್ ದಿನ ಹೋದ್ರು, ರಸೆಲ್ 2022ರ ಜುಲೈ 31ಕ್ಕೆ. ರಸೆಲ್ ಬಗ್ಗೆ ಆಗ ಲೋಕವೆಲ್ಲ ಬರೀತು, ಹೆಚ್ಚಿನದ್ದೆಲ್ಲ ಸೆಲ್ಟಿಕ್ಸ್ ಬಗ್ಗೆ, ಯುಎಸ್‌ಎಫ್ ಒಂದು ಪ್ಯಾರಾ.

ಬೇ ಏರಿಯಾದಲ್ಲಿ ಇರೋರು ಒಂದ್ಸಲ ಹೋಗಿ ಆ ಜಿಮ್ಮಲ್ಲಿ ಮ್ಯಾಚ್ ನೋಡಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ವಾರಿಯರ್ಸ್ ಟಿಕೆಟ್ಟಿಗೆ ಕೊಡೋ ದುಡ್ಡಲ್ಲಿ ಇಡೀ ಕುಟುಂಬ ಕೂತು ನೋಡಬಹುದು, ಆಟಗಾರರ ಶೂ ಸದ್ದು ಕೇಳೋಷ್ಟು ಹತ್ರ ಸೀಟು. ಸೇಂಟ್ ಮೇರೀಸ್ ಅಥವಾ ಸ್ಯಾಂಟಾ ಕ್ಲಾರಾ ಬರೋ ದಿನ ನೋಡ್ಕೊಂಡು ಹೋದ್ರೆ ಇನ್ನೂ ಚೆನ್ನ, ಪಕ್ಕದ ಊರಿನ ಹಳೇ ಜಿದ್ದು, ಜನ ತುಂಬಿರ್ತಾರೆ. ಪಾರ್ಕಿಂಗ್ ಮಾತ್ರ ಕಷ್ಟ, ಬಸ್ಸಲ್ಲೇ ಹೋಗಿ.